ಹಿರಿಯ ಯೋಧರನ್ನು ಮಾತನಾಡಿಸುವವರು ಬೇಕು



1938ರಲ್ಲಿ ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯ ತನ್ನ ವಿದ್ಯಾರ್ಥಿಗಳ ಆರೋಗ್ಯವನ್ನು ಬದುಕಿಡೀ ಗಮನಿಸುವ ಅಧ್ಯಯನ ಆರಂಭಿಸಿತು. ಅವರಲ್ಲಿ ಹೆಚ್ಚಿನವರು ಎರಡನೇ ಮಹಾಯುದ್ಧಕ್ಕೆ ಹೋಗಿ ಬಂದವರು. ಐವತ್ತನೇ ವಯಸ್ಸಿನಲ್ಲಿ ಮನೆಯವರು, ಗೆಳೆಯರೊಂದಿಗೆ ಚೆನ್ನಾಗಿದ್ದವರೇ ಎಂಬತ್ತರಲ್ಲೂ ಗಟ್ಟಿಮುಟ್ಟಾಗಿದ್ದರು. ಕೊಲೆಸ್ಟ್ರಾಲ್ ಲೆಕ್ಕ ಇಷ್ಟು ಸರಿಯಾಗಿ ಮುನ್ಸೂಚನೆ ಕೊಡಲಿಲ್ಲ. ನಮ್ಮ ಸ್ವಾತಂತ್ರ್ಯ ಹೋರಾಟಗಾರ ಎಚ್.ಎಸ್. ದೊರೆಸ್ವಾಮಿಯವರನ್ನೇ ನೋಡಿ. ನೂರು ದಾಟಿದ ಮೇಲೂ ಧರಣಿಗಳಲ್ಲಿ ಯುವಕರ ನಡುವೆ ಕೂರುತ್ತಿದ್ದರು. 2021ರಲ್ಲಿ 103ನೇ ವಯಸ್ಸಿನಲ್ಲಿ ತೀರಿಕೊಳ್ಳುವ ಮುಂಚೆ ಕೊರೊನಾವನ್ನೂ ಗೆದ್ದಿದ್ದರು.

ಮಂಡ್ಯ, ಮಳವಳ್ಳಿ ಕಡೆಯ ಹಳ್ಳಿಗಳಲ್ಲಿ ತೊಂಬತ್ತು ದಾಟಿದ ಮಾಜಿ ಸೈನಿಕರ ಸ್ಥಿತಿಯೇ ಬೇರೆ. ಹೆಂಡತಿ ತೀರಿಕೊಂಡಿರುತ್ತಾರೆ, ಮಕ್ಕಳು ಬೆಂಗಳೂರಿನಲ್ಲಿ. ನಮ್ಮೂರಿನ ಒಬ್ಬ ಅಜ್ಜ ಪಿಂಚಣಿಗೆ ಬೇಕಾದ ಜೀವಿತ ಪ್ರಮಾಣಪತ್ರಕ್ಕಾಗಿ ಹೆಬ್ಬೆಟ್ಟು ಒತ್ತಿದರೆ ಯಂತ್ರ ಗುರುತೇ ಹಿಡಿಯಲಿಲ್ಲ; ಕಬ್ಬಿನ ಗದ್ದೆಯ ದುಡಿಮೆಯಲ್ಲಿ ಬೆರಳಿನ ಗೆರೆ ಸವೆದಿತ್ತು. ಮುಖ ಗುರುತಿಸಿ ಮನೆಯಲ್ಲೇ ಪ್ರಮಾಣಪತ್ರ ಮಾಡುವ ಮೊಬೈಲ್ ವ್ಯವಸ್ಥೆ 2021ರಿಂದಲೇ ಇದೆ. ಅದನ್ನು ಹೇಳುವವರು ಅವರ ಹತ್ತಿರ ಯಾರೂ ಇರಲಿಲ್ಲ.

ಎಂಬತ್ತಕ್ಕೆ ಶೇ 20, ತೊಂಬತ್ತಕ್ಕೆ ಶೇ 40, ನೂರಕ್ಕೆ ಶೇ 100ರಷ್ಟು ಹೆಚ್ಚುವರಿ ಪಿಂಚಣಿಯನ್ನು ಸರ್ಕಾರ ಕೊಡುತ್ತದೆ. ದೊಡ್ಡ ಆಸರೆಯೇ. ಆದರೆ ಮಾತ್ರೆ ತಂದುಕೊಡುವ, ಊಟವಾಯಿತೇ ಎಂದು ಕೇಳುವ ಜನ ದುಡ್ಡಿಗೆ ಸಿಗುವುದಿಲ್ಲ. ಗ್ರಾಮ ಪಂಚಾಯಿತಿಗಳು ತಮ್ಮ ಊರಿನ ಹಿರಿಯ ಯೋಧರ ಪಟ್ಟಿ ಮಾಡಲಿ. ಆಶಾ ಕಾರ್ಯಕರ್ತೆಯರು, ಎನ್‌ಸಿಸಿ ವಿದ್ಯಾರ್ಥಿಗಳು ವಾರಕ್ಕೊಮ್ಮೆ ಅವರ ಮನೆಗೆ ಹೋಗುವಂತೆ ಜಿಲ್ಲಾಡಳಿತ ಏರ್ಪಾಡು ಮಾಡಬೇಕೆಂದು ಕಳಕಳಿಯಿಂದ ಕೋರುತ್ತೇನೆ.

– ನಿವೃತ್ತ ಶಿಕ್ಷಕಿ, ಮಳವಳ್ಳಿ ತಾಲ್ಲೂಕು