ಸಂದರ್ಶನವೋ, ಭಾಷಣ ಸ್ಪರ್ಧೆಯೋ?

1940ರಲ್ಲಿ ಬೆಂಗಳೂರಿನಲ್ಲಿ ವಿಮಾನ ಕಾರ್ಖಾನೆ ಸ್ಥಾಪಿಸಿದ ವಾಲಚಂದ್ ಹಿರಾಚಂದರ ಹೆಸರನ್ನೇ ನಮ್ಮ ಸಾಂಗಲಿಯ ಇಂಜಿನಿಯರಿಂಗ್ ಕಾಲೇಜು ಹೊತ್ತಿದೆ. ಜತ್ತ ತಾಲೂಕಿನ ಕನ್ನಡ ಶಾಲೆಯಲ್ಲಿ ಓದಿ, ಮೆಕ್ಯಾನಿಕಲ್ ಪದವಿ ಪಡೆದ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ವಿಮಾನದ ಬಿಡಿಭಾಗ ತಯಾರಿಸುವ ಕಂಪನಿಯೊಂದರ ಸಂದರ್ಶನಕ್ಕೆ ಹೋಗಿದ್ದ. ಲೋಹ ದಣಿದು ಬಿರಿಯುವುದೇಕೆಂದು ಕೇಳಿದರು. ರಂಧ್ರದ ಅಂಚಿನಲ್ಲಿ ಒತ್ತಡ ಕೂಡಿ ಕೂದಲೆಳೆಯ ಬಿರುಕು ಹುಟ್ಟಿ, ಹಾರಾಟದಿಂದ ಹಾರಾಟಕ್ಕೆ ಬೆಳೆಯುವುದನ್ನು ಅವನು ಚಿತ್ರ ಬರೆದು ತೋರಿಸಿದ. ಉತ್ತರ ಸರಿ, 'ಇಂಗ್ಲಿಷ್ ತಡವರಿಸುತ್ತದೆ' ಎಂದು ಮರಳಿ ಕಳಿಸಿದರು. (ಅವನಿಗೆ ಇಂಗ್ಲಿಷ್ ಕಲಿಸಿದವನು ನಾನೇ, ತಪ್ಪಿನಲ್ಲಿ ನನಗೂ ಪಾಲುಂಟು.) 1954ರಲ್ಲಿ ಕಾಮೆಟ್ ವಿಮಾನಗಳು ಆಕಾಶದಲ್ಲಿ ಒಡೆದದ್ದು ಇಂತಹ ಬಿರುಕಿನಿಂದಲೇ. ಅವುಗಳ ವಿನ್ಯಾಸಕಾರರಿಗೆ ಇಂಗ್ಲಿಷಿನ ಕೊರತೆಯೇನೂ ಇರಲಿಲ್ಲ! ನಕಾಶೆ, ಕೈಪಿಡಿಗಳು ಇಂಗ್ಲಿಷಿನಲ್ಲಿವೆ, ಒಪ್ಪಿದೆ. ಅವನ್ನು ಅವನು ಓದಬಲ್ಲ. ಪರೀಕ್ಷಿಸುವುದಾದರೆ ನಕಾಶೆಯನ್ನೂ ಮೈಕ್ರೋಮೀಟರನ್ನೂ ಅವನ ಕೈಗಿತ್ತು ನೋಡಲಿ.