ಕನ್ನಡ ಕೇಳುವ ಮೊದಲು ಕಲಿಸೋಣ

ನಂಜನಗೂಡು, ತಿ. ನರಸೀಪುರದ ಕಡೆಯಿಂದ ಮ್ಯೂನಿಕ್‌ಗೋ ಸ್ಟುಟ್‌ಗಾರ್ಟ್‌ಗೋ ಹೋಗುವ ಎಂಜಿನಿಯರಿಗೆ ಕಚೇರಿಯಲ್ಲಿ ಇಂಗ್ಲಿಷ್ ಸಾಕಾಗಬಹುದು, ಹೊರಗೆ ಸಾಲದು. ಬಾಡಿಗೆ ಮನೆ ಹೊಕ್ಕ ಎರಡು ವಾರದೊಳಗೆ ಮಾಲೀಕರು ಸಹಿ ಹಾಕಿದ ಪತ್ರ ಹಿಡಿದು ನಗರದ ಕಚೇರಿಯಲ್ಲಿ ವಿಳಾಸ ನೋಂದಾಯಿಸಬೇಕು. ಕರಾರು, ವಿಮೆ, ಮಗುವಿನ ಶಾಲೆಯ ಸೂಚನೆ ಬಹುಪಾಲು ಜರ್ಮನ್‌ನಲ್ಲೇ. ಆದರೆ ಜರ್ಮನಿ ಕಲಿಯಿರಿ ಎಂದಷ್ಟೇ ಹೇಳಿ ಕೈತೊಳೆದುಕೊಂಡಿಲ್ಲ. 2005ರಲ್ಲಿ ಜಾರಿಗೆ ಬಂದ ಕಾನೂನಿನಡಿ ಸರ್ಕಾರವೇ ತರಗತಿಗಳಿಗೆ ನೆರವು ಕೊಡುತ್ತದೆ: ಸಾಮಾನ್ಯವಾಗಿ ಭಾಷೆಗೆ 600 ಪಾಠದ ಅವಧಿ, ಅಲ್ಲಿನ ಕಾನೂನು, ಇತಿಹಾಸ, ನಡವಳಿಕೆಗೆ 100.

ನಂಜನಗೂಡಿನ ಕೈಗಾರಿಕಾ ಪ್ರದೇಶಕ್ಕೆ ಹೊರರಾಜ್ಯಗಳಿಂದ ಬರುವ ಕಾರ್ಮಿಕರಿಗೆ ನಾವು ಇಂಥದ್ದೇನು ಕೊಟ್ಟಿದ್ದೇವೆ? ಕನ್ನಡ ಬರುವುದಿಲ್ಲ ಎಂಬ ದೂರು ಮಾತ್ರ ಧಾರಾಳ. ನಾಲ್ಕು ವರ್ಷ ದುಡಿದು ಹೋಗುವವರಿಗೆ ಭಾಷೆ ಯಾಕೆ ಎನ್ನುವವರಿದ್ದಾರೆ. 1961ರ ಒಪ್ಪಂದದಂತೆ ಟರ್ಕಿಯಿಂದ ಕಾರ್ಮಿಕರನ್ನು ಕರೆಸಿಕೊಂಡ ಜರ್ಮನಿಯೂ ಹಾಗೆಯೇ ಎಣಿಸಿತ್ತು. ಲಕ್ಷಾಂತರ ಜನ ಅಲ್ಲೇ ನೆಲೆಸಿದರು. ಭಾಷೆ ಕಲಿಸದ ದಶಕಗಳ ಬೆಲೆಯನ್ನು ಅವರ ಮಕ್ಕಳು ಶಾಲೆಯಲ್ಲಿ ತೆತ್ತರು. ಇಲ್ಲಿಗೆ ಬರುವವರು ನಮ್ಮದೇ ದೇಶದವರು, ಅವರನ್ನು ಬಲವಂತ ಮಾಡಲಾಗದು ಎಂಬ ಇನ್ನೊಂದು ಆಕ್ಷೇಪ ನ್ಯಾಯವಾದದ್ದೇ. ಬಲವಂತ ಬೇಡ, ಅನುಕೂಲ ಬೇಕು. ಆಸ್ಪತ್ರೆಯ ಚೀಟಿ ಓದಲು, ಕೂಲಿ ಬಾಕಿ ಕೇಳಲು, ಬಸ್ಸಿನ ಬೋರ್ಡು ನೋಡಿ ಹತ್ತಲು ಬೇಕಾದಷ್ಟು ಕನ್ನಡವನ್ನು ಪಾಳಿ ಮುಗಿದ ಮೇಲೆ, ಕಾರ್ಖಾನೆಯ ಆವರಣದಲ್ಲೇ ಕಲಿಸಬಹುದು. ಭಾಷೆ ಕಲಿಸುವ ವಿಧಾನ ಬಲ್ಲ ಭಾರತೀಯ ಭಾಷಾ ಸಂಸ್ಥಾನ 1969ರಿಂದ ಪಕ್ಕದ ಮೈಸೂರಿನಲ್ಲೇ ಇದೆ. ಖರ್ಚನ್ನು ಕಾರ್ಖಾನೆಗಳೂ ಸರ್ಕಾರವೂ ಹಂಚಿಕೊಳ್ಳಲಿ.