ಉಪಾಧ್ಯಾಯರ ಶಿಕ್ಷಣವೂ ಚಿತ್ರದ ತೆರೆಯೂ

ಉಪಾಧ್ಯಾಯ ವೃತ್ತಿಗಾಗಿ ವ್ಯಾಸಂಗ ಮಾಡುತ್ತಿರುವ ಮಗಳೋ ಸೊಸೆಯೋ ಇಲ್ಲದ ಬೀದಿಯು ನಮ್ಮ ಕೋಗಿಲು, ಯಲಹಂಕಗಳ ಕಡೆಯಲ್ಲಿ ವಿರಳವೆಂದೇ ಹೇಳಬೇಕು. ಆದಕಾರಣ ಈ ತಿಂಗಳು ನಾವು ಎತ್ತಿಕೊಂಡಿರುವ ವಿಷಯವು ಕಾಲೇಜಿನವರಿಗೆ ಮಾತ್ರ ಸಂಬಂಧಪಟ್ಟದ್ದೆಂದು ವಾಚಕರು ಪುಟವನ್ನು ತಿರುವಿಬಿಡಬಾರದಾಗಿ ಪ್ರಾರ್ಥನೆ. ಬಿ.ಎಡ್. ವ್ಯಾಸಂಗವು 2015ರಿಂದ ಎರಡು ವರ್ಷಗಳದ್ದಾಯಿತಷ್ಟೆ. ಅದರಲ್ಲಿ ಗಣಕಯಂತ್ರದ ಮೂಲಕ ಬೋಧಿಸುವ ಅಭ್ಯಾಸಕ್ಕೂ ಒಂದು ಸ್ಥಾನವು ಕಲ್ಪಿತವಾಗಿದೆ. ಹಿಂದೆ ರಟ್ಟು, ಬಣ್ಣದ ಕಾಗದ, ಗೋಂದುಗಳಿಂದ ನಡುಮನೆಯು ತುಂಬಿಹೋಗುತ್ತಿದ್ದಲ್ಲಿ ಈಗ ಲ್ಯಾಪ್‌ಟಾಪೊಂದು ತೆರೆದಿರುತ್ತದೆ; ಹುಡುಗಿಯು ನಿದ್ರೆಗೆಟ್ಟು ಅಕ್ಷರಗಳನ್ನು ಹಾರಿಸುತ್ತಲೂ ತಿರುಗಿಸುತ್ತಲೂ ಕುಳಿತಿರುತ್ತಾಳೆ. ಇದೇನಮ್ಮ ಎಂದರೆ, ನಾಳೆ ಪಾಠ ತೋರಿಸುವುದಕ್ಕೆ ಸ್ಲೈಡುಗಳು ಎನ್ನುತ್ತಾಳೆ. ಪಾಠವು ತೋರಿಸತಕ್ಕ ವಸ್ತುವೇ ಎಂಬುದು ನಮ್ಮ ಪ್ರಶ್ನೆ.

ಚಿತ್ರದ ಸಹಾಯದಿಂದ ಕಲಿಸುವುದು ಹೊಸದೇನೂ ಅಲ್ಲ. ಕೊಮೇನಿಯಸನು ಮಕ್ಕಳಿಗಾಗಿ ರಚಿಸಿದ ಸಚಿತ್ರ ಪಠ್ಯವು 1658ರಷ್ಟು ಹಿಂದೆಯೇ ಪ್ರಕಟವಾಯಿತು. ಆದರೆ ಇಂದು ಎಲ್ಲೆಲ್ಲಿಯೂ ಬಳಕೆಯಲ್ಲಿರುವ ಪವರ್‌ಪಾಯಿಂಟ್ 1987ರಲ್ಲಿ ಹೊರಬಂದಾಗ ಅದಕ್ಕೆ ಗುರಿಯಾಗಿದ್ದುದು ವ್ಯಾಪಾರ ವ್ಯವಹಾರದ ಸಭೆಗಳೇ ಹೊರತು ಪಾಠಶಾಲೆಯಲ್ಲ. ಕೇಳುವವರನ್ನು ಒಪ್ಪಿಸಿ ಕಳುಹಿಸುವುದು ವ್ಯಾಪಾರಿಯ ಕೆಲಸ. ಅವರ ಬಾಯಿಂದ ಪ್ರಶ್ನೆಯನ್ನು ಹೊರಡಿಸುವುದು ಉಪಾಧ್ಯಾಯರ ಕೆಲಸ. ಈಚೆಗೆ ಅಂತರ್ಜಾಲದಲ್ಲಿಯೇ ಚಿತ್ರ, ಧ್ವನಿ, ಚಲನೆಗಳನ್ನು ಕೂಡಿಸಬಲ್ಲ ಗೂಗಲ್ ಸ್ಲೈಡ್ಸ್, ಪ್ರೆಜಿ, ಕ್ಯಾನ್ವಾ ಮೊದಲಾದ ಸಾಧನಗಳು ಬಂದು, ಚೆಲುವಾದ ಸ್ಲೈಡನ್ನು ರಚಿಸುವುದು ಬಹಳ ಸುಲಭವಾಗಿದೆ. ಅಪಾಯವೂ ಅಲ್ಲಿಯೇ ಇದೆ. ಅಮೆರಿಕದ ಮನಶ್ಶಾಸ್ತ್ರಜ್ಞ ರಿಚರ್ಡ್ ಮೇಯರ್ ಅವರು ಈ ವಿಷಯದಲ್ಲಿ ಬಹುಕಾಲ ಪ್ರಯೋಗಗಳನ್ನು ನಡೆಸಿ 2001ರಲ್ಲಿ ಒಂದು ಗ್ರಂಥವನ್ನೇ ಬರೆದರು. ಚಿತ್ರವನ್ನು ನೋಡುತ್ತ ವಿವರಣೆಯನ್ನು ಕಿವಿಯಿಂದ ಕೇಳಿದರೆ ಕಲಿಕೆಯು ಚೆನ್ನಾಗುವುದೆಂದೂ, ಅದೇ ಮಾತುಗಳನ್ನು ತೆರೆಯ ಮೇಲೂ ಬರೆದಿಟ್ಟರೆ ಕುಗ್ಗುವುದೆಂದೂ, ವಿಷಯಕ್ಕೆ ಸಂಬಂಧಿಸದ ಅಲಂಕಾರವು ಅಡ್ಡಿಯಾಗುವುದೆಂದೂ ಅವರು ಕಂಡುಕೊಂಡ ಸಂಗತಿ. ಸ್ಲೈಡಿನ ಮೇಲಿರುವುದನ್ನೇ ಗಟ್ಟಿಯಾಗಿ ಓದಿ ಉಪನ್ಯಾಸವೆನ್ನುವವರು ಇದನ್ನು ಗಮನಿಸತಕ್ಕದ್ದು.

ನಾವು ಕಣ್ಣಾರೆ ಕಂಡ ಒಂದು ಪ್ರಸಂಗವನ್ನು ಹೇಳುತ್ತೇವೆ. ನಮ್ಮ ಬೀದಿಯಲ್ಲಿರುವ ಬಿ.ಎಡ್. ವಿದ್ಯಾರ್ಥಿನಿಯೊಬ್ಬಳು ತ್ರಿಭುಜದ ಮೂರು ಕೋನಗಳ ಮೊತ್ತವು 180 ಡಿಗ್ರಿ ಎಂಬ ಪಾಠಕ್ಕೆ 22 ಸ್ಲೈಡುಗಳನ್ನು ಸಿದ್ಧಪಡಿಸಿ ನಮ್ಮ ಜಗಲಿಗೆ ತಂದು ತೋರಿಸಿದಳು. ಏಳನೆಯ ತರಗತಿಯಲ್ಲಿರುವ ಅವಳ ತಮ್ಮನೂ ಜೊತೆಗಿದ್ದನು. "ಗೊತ್ತಾಯಿತೇನೋ?" ಎಂದಳು. "ಗೊತ್ತಾಯಿತಕ್ಕ" ಎಂದನು. ನಾವು ಒಂದು ಹಾಳೆಯ ತುಂಬ ದೊಡ್ಡ ತ್ರಿಭುಜವನ್ನು ಬರೆದು, ಇದರ ಮೊತ್ತವೆಷ್ಟಪ್ಪ ಎಂದು ಕೇಳಿದೆವು. "ಇದು ದೊಡ್ಡದಲ್ಲವೇ ಮೇಷ್ಟ್ರೇ, ಇನ್ನೂ ಜಾಸ್ತಿ ಇರುತ್ತೆ" ಎಂದನು. ಹುಡುಗಿಯ ಮುಖವು ಸಣ್ಣದಾಯಿತು.

ಎರಡು ದಿನಗಳಾದ ಮೇಲೆ ಅವಳು ಪುನಃ ಬಂದಳು. ಈ ಸಲ ಸ್ಲೈಡುಗಳು ನಾಲ್ಕೇ. ಅವುಗಳಲ್ಲೊಂದರಿಂದ ಜಿಯೋಜೀಬ್ರಾ ಎಂಬ ರೇಖಾಗಣಿತದ ಸಾಧನವು ತೆರೆಯುತ್ತಿತ್ತು. ಇದು ಆಸ್ಟ್ರಿಯಾದ ಮಾರ್ಕುಸ್ ಹೋಹೆನ್‌ವಾರ್ಟರ್ ಅವರು ಆರಂಭಿಸಿದ್ದು. ಶಾಲೆಗಳಿಗೆ ಬೆಲೆಯಿಲ್ಲದೆ ದೊರೆಯುತ್ತದೆ. ತ್ರಿಭುಜದ ಮೂಲೆಯೊಂದನ್ನು ಹಿಡಿದೆಳೆದರೆ ಮೂರು ಕೋನಗಳೂ ಬದಲಾಗುವುವು, ಮೊತ್ತವು ಮಾತ್ರ ಕದಲದು. ಹುಡುಗನು ಎಳೆದು ಎಳೆದು, ಕಡೆಗೆ ಮೇಲಿನ ಮೂಲೆಯನ್ನು ಪಾದದ ಮೇಲೆಯೇ ಮಲಗಿಸಿಬಿಟ್ಟನು. "ಅಕ್ಕ, ತ್ರಿಭುಜವೇ ಹೋಯಿತು, ಆದರೂ 180 ಅಂತಿದೆಯಲ್ಲ?" ಎಂದನು. ಈ ಪ್ರಶ್ನೆಗೆ ಯಾವ ಸ್ಲೈಡಿನಲ್ಲಿಯೂ ಉತ್ತರವಿರಲಿಲ್ಲ. ಅವಳು ಕ್ಷಣಕಾಲ ಸುಮ್ಮನಿದ್ದು, ಒಂದು ಕೋನವೇ 180 ಆಗಿ ಉಳಿದೆರಡೂ ಸೊನ್ನೆಗಿಳಿದುವೆಂಬುದನ್ನು ಪೆನ್ಸಿಲಿನಿಂದ ಬರೆದು ತಿಳಿಸಿದಳು. ಆ ಬಳಿಕ ಶೃಂಗದ ಮೂಲಕ ಪಾದಕ್ಕೆ ಸಮಾಂತರವಾದ ರೇಖೆಯನ್ನೆಳೆದು, ಏಕೆ ಹೀಗೆಂಬುದನ್ನೂ ಸಾಧಿಸಿದಳು. ನೂರು ತ್ರಿಭುಜಗಳನ್ನು ಎಳೆದು ನೋಡಿದ ಮಾತ್ರಕ್ಕೆ ಪ್ರಮೇಯವು ಸಿದ್ಧವಾಗುವುದಿಲ್ಲವಷ್ಟೆ.

ಮೊದಲನೆಯ ಪಾಠಕ್ಕೂ ಎರಡನೆಯದಕ್ಕೂ ಇದ್ದ ಅಂತರವೇ ಉಪಾಧ್ಯಾಯ ಶಿಕ್ಷಣದ ತಿರುಳು. ತರಬೇತಿ ಕಾಲೇಜುಗಳಲ್ಲಿ ಸೂಕ್ಷ್ಮ ಬೋಧನೆಯೆಂಬ ಕ್ರಮವೊಂದುಂಟು. ಅದು 1963ರ ಸುಮಾರಿನಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡಿನಲ್ಲಿ ಹುಟ್ಟಿತು. ನಮ್ಮ ದೇಶದ ರೂಢಿಯಂತೆ 6 ನಿಮಿಷ ಪಾಠ, 6 ನಿಮಿಷ ವಿಮರ್ಶೆ, 12 ನಿಮಿಷ ತಿದ್ದುಗೆ, ಪುನಃ 6 ನಿಮಿಷ ಪಾಠ, 6 ನಿಮಿಷ ವಿಮರ್ಶೆ, ಒಟ್ಟು 36 ನಿಮಿಷ. ಸ್ಟ್ಯಾನ್‌ಫರ್ಡಿನವರು ಪಾಠವನ್ನು ಯಂತ್ರದಲ್ಲಿ ಚಿತ್ರೀಕರಿಸಿ ಪಾಠ ಮಾಡಿದವರಿಗೇ ತೋರಿಸುತ್ತಿದ್ದರು. ನಮ್ಮಲ್ಲಿ ಬಹುಮಟ್ಟಿಗೆ ಸಹಪಾಠಿಗಳ ಮಾತನ್ನೇ ನಂಬಬೇಕಾಗಿತ್ತು. ಈಗ ಕೈಯಲ್ಲಿರುವ ಫೋನೇ ಆ ಕೆಲಸ ಮಾಡಬಲ್ಲುದು. ವಿದ್ಯಾರ್ಥಿನಿಯು ಸ್ಲೈಡಿಗೆ ತನ್ನ ಧ್ವನಿಯನ್ನು ಸೇರಿಸಿ ತಾನೇ ಕೇಳಬಹುದು. ಸಹಪಾಠಿಗಳು ಆಯಾ ಸ್ಲೈಡಿನ ಪಕ್ಕದಲ್ಲಿಯೇ ತಮ್ಮ ಅಭಿಪ್ರಾಯವನ್ನು ಬರೆಯಬಹುದು. ಯಾವ ದಿನ ಏನು ತಿದ್ದಲ್ಪಟ್ಟಿತೆಂಬುದನ್ನು ಅಧ್ಯಾಪಕರು ನೋಡಬಹುದು. ಅಂತರ್ಜಾಲದ ಸಾಧನಗಳಿಂದಾಗುವ ನಿಜವಾದ ಲಾಭವು ಇದೇ ಎಂಬುದು ನಮ್ಮ ಅಭಿಪ್ರಾಯ. ಹಾರುವ ಅಕ್ಷರಗಳಿಂದಾಗುವ ಲಾಭವೇನೂ ನಮಗೆ ಕಾಣದು.

ನಮ್ಮ ರಾಜ್ಯದಲ್ಲಿ ಇದಕ್ಕೆ ಒಳ್ಳೆಯ ಉದಾಹರಣೆಯಿದೆ. ಸರ್ಕಾರಿ ಪ್ರೌಢಶಾಲೆಗಳ ಉಪಾಧ್ಯಾಯರಿಗಾಗಿ ರಾಜ್ಯದ ಶಿಕ್ಷಣ ಸಂಶೋಧನೆ ಮತ್ತು ತರಬೇತಿ ಇಲಾಖೆಯವರು ಬೆಂಗಳೂರಿನ ಐ.ಟಿ. ಫಾರ್ ಚೇಂಜ್ ಸಂಸ್ಥೆಯೊಡನೆ 2011ರಲ್ಲಿ ವಿಷಯ ಶಿಕ್ಷಕರ ವೇದಿಕೆಯನ್ನು ಆರಂಭಿಸಿದರು. ಅದರ ಬೆನ್ನಿಗೆ ಕರ್ನಾಟಕ ಮುಕ್ತ ಶೈಕ್ಷಣಿಕ ಸಂಪನ್ಮೂಲಗಳೆಂಬ ಭಂಡಾರವು ಬಂದಿತು. ಅಲ್ಲಿ ಉಪಾಧ್ಯಾಯರು ತಾವೇ ಪಾಠಸಾಮಗ್ರಿಯನ್ನು ರಚಿಸಿ ಇತರರ ಬಳಕೆಗೂ ತಿದ್ದುಗೆಗೂ ಕೊಡುವ ಏರ್ಪಾಡು. 2017ರಲ್ಲಿ ಬಂದ ದೀಕ್ಷಾ ಎಂಬ ವೇದಿಕೆಯೂ, 2019ರಲ್ಲಿ ಆರಂಭವಾಗಿ ಮರುವರ್ಷ ಅದೇ ವೇದಿಕೆಯ ಮೂಲಕ ಮನೆಮನೆಗೆ ಮುಟ್ಟಿದ ನಿಷ್ಠಾ ತರಬೇತಿಯೂ ದೊಡ್ಡ ಕಾರ್ಯಗಳೇ. ಆದರೂ ಸಿದ್ಧಪಡಿಸಿದ ಪಾಠವನ್ನು ನೋಡಿ ಮುಗಿಸುವವರಿಗೂ ತಾವೇ ಒಂದನ್ನು ಕಟ್ಟಿ ಒಡೆದು ಮತ್ತೆ ಕಟ್ಟುವವರಿಗೂ ವ್ಯತ್ಯಾಸವುಂಟು. ಕಾಳಿದಾಸನ ಮಾಲವಿಕಾಗ್ನಿಮಿತ್ರದಲ್ಲಿ ಗಣದಾಸ, ಹರದತ್ತರೆಂಬ ನಾಟ್ಯಾಚಾರ್ಯರಿಬ್ಬರಿಗೆ ತಮ್ಮಲ್ಲಿ ಯಾರು ಮೇಲೆಂಬ ವಿವಾದವು ಹುಟ್ಟಿದಾಗ, ನಿರ್ಣಯಕ್ಕಾಗಿ ರಂಗಕ್ಕೆ ಬರಬೇಕಾದವರು ಆಚಾರ್ಯರಲ್ಲ, ಶಿಷ್ಯರು. ನಮ್ಮ ಕಾಲೇಜುಗಳವರು ಸ್ಲೈಡುಗಳಿಗೆ ಅಂಕ ಕೊಡುವಾಗ ಎದುರಿಗೊಂದು ಮಗುವನ್ನು ಕೂರಿಸಿಕೊಂಡರೆ ಎಷ್ಟು ಚೆನ್ನಾಗಿತ್ತು!

ಅಷ್ಟು ಮನೆಯವರಾದರೂ ಮಾಡಬಹುದು. ಮಗಳು ಪಾಠ ಸಿದ್ಧಪಡಿಸಿದ ಸಂಜೆ, ಮನೆಯದೋ ನೆರೆಮನೆಯದೋ ಒಂದು ಮಗುವನ್ನು ಕರೆದು 6 ನಿಮಿಷ ಹೇಳಿಸಿರಿ. ದೊಡ್ಡವರು ನಡುವೆ ಬಾಯಿ ಹಾಕುವುದು ಬೇಡ. ಕನ್ನಡವನ್ನು ಯೂನಿಕೋಡಿನಲ್ಲಿಯೇ ಬರೆಯಲು ಹೇಳಿರಿ. ಹಳೆಯ ನುಡಿ ಅಕ್ಷರಗಳಲ್ಲಿ ಬರೆದದ್ದು ಆ ಲಿಪಿಯಿಲ್ಲದ ಯಂತ್ರದಲ್ಲಿ ಗೊಜಲಾಗಿ ಕಾಣುವುದು. ಅಭ್ಯಾಸದ ಪಾಠಕ್ಕೆ ಹೋಗುವ ಶಾಲೆಯಲ್ಲಿ ಅಂತರ್ಜಾಲವು ಸಿಕ್ಕುವುದೆಂಬ ಭರವಸೆಯಿಲ್ಲವಾದ್ದರಿಂದ ಪ್ರತಿಯೊಂದನ್ನು ಹಿಂದಿನ ದಿನವೇ ಇಳಿಸಿಕೊಳ್ಳಲಿ. ಕರೆಂಟು ಹೋದರೆಂದು ಕೈಚೀಲದಲ್ಲಿ ಎರಡು ತುಂಡು ಸೀಮೆಸುಣ್ಣವೂ ಇರಲಿ.